ಗಣಕದ ಕನ್ನಡ ತಂತ್ರಾಂಶಗಳು ಮತ್ತು ಶಾಸನಪಾಠ: ಒಂದು ವಿಮರ್ಶೆ

೧

ಇತಿಹಾಸದ ಆಕರಗಳನ್ನು ಒರೆಗೆ ಹಚ್ಚಿ ನೋಡುವುದು ನಮ್ಮ ವಿದ್ವತ್ಪರಂಪರೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಕ್ರಮ. ಶಾಸನವೊಂದು ದೊರೆತಾಗ ಅದರ ಲಿಪಿ ಯಾವ ಕಾಲದ್ದು, ಅದರ ತೇದಿ ಪಂಚಾಂಗಕ್ಕೆ ಹೊಂದುತ್ತದೆಯೆ, ಅದು ಕೂಟಶಾಸನವಲ್ಲವಷ್ಟೆ ಎಂಬ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಮೇಲೆಯೇ ಅದರ ಸಾಕ್ಷ್ಯವನ್ನು ನಾವು ಅಂಗೀಕರಿಸುತ್ತೇವೆ. ಆದರೆ ಆ ಶಾಸನದ ಪಾಠವನ್ನು ಬರೆದಿಡುವುದಕ್ಕೂ, ಹುಡುಕುವುದಕ್ಕೂ, ಅಚ್ಚಿಗೆ ಸಿದ್ಧಪಡಿಸುವುದಕ್ಕೂ ಈ ಮೂವತ್ತು ವರ್ಷಗಳಿಂದ ಬಳಕೆಯಲ್ಲಿರುವ ಗಣಕದ ತಂತ್ರಾಂಶಗಳನ್ನು ಕುರಿತು ಅಂತಹ ಪರೀಕ್ಷೆ ನಡೆದಿರುವುದು ವಿರಳ. ಅವುಗಳ ವಿಚಾರ ಪತ್ರಿಕೆಗಳಲ್ಲಿ ಬಂದಾಗ ಹೊಸ ಆವೃತ್ತಿಯೊಂದು ಹೊರಬಂದಿತೆಂಬ ಸುದ್ದಿಯ ರೂಪದಲ್ಲಿಯೋ, ಕನ್ನಡಕ್ಕೆ ಸಂದ ಸೇವೆಯೆಂಬ ಪ್ರಶಂಸೆಯ ರೂಪದಲ್ಲಿಯೋ ಬರುವುದು ವಾಡಿಕೆ. ಆಕರವನ್ನು ಪರೀಕ್ಷಿಸುವ ಇತಿಹಾಸಾಭ್ಯಾಸಿ ತನ್ನ ಕೈಯ ಸಾಧನವನ್ನೂ ಪರೀಕ್ಷಿಸಬೇಕೆಂಬುದು ಪ್ರಸ್ತುತ ಲೇಖನದ ನಿಲುವು.

ಪರೀಕ್ಷೆಗೆ ಒಂದು ಕ್ಷೇತ್ರ ಬೇಕು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳನ್ನು ನಾವು ಆರಿಸಿಕೊಂಡಿದ್ದೇವೆ. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರೂಪುಗೊಳ್ಳುವವರೆಗೆ ಇವು ಕೋಲಾರ ಜಿಲ್ಲೆಯ ಭಾಗವಾಗಿದ್ದುವು; ಆದಕಾರಣ ಇವುಗಳ ಶಾಸನಗಳು ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ತಾಲ್ಲೂಕುವಾರಾಗಿ ಸೇರಿವೆ. ಗಂಗರು, ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು, ತರುವಾಯ ಪಾಳೆಯಗಾರರು ಆಳಿದ ಈ ಸೀಮೆಯಲ್ಲಿ ಕನ್ನಡ, ತಮಿಳು, ತೆಲುಗು, ಸಂಸ್ಕೃತ ಈ ನಾಲ್ಕು ಭಾಷೆಗಳ ಬರಹಗಳೂ ದೊರೆಯುವುವು. ನಂದಿಯ ಭೋಗನಂದೀಶ್ವರ ದೇವಾಲಯವೊಂದರಲ್ಲಿಯೇ ಒಂಬತ್ತನೆಯ ಶತಮಾನದಿಂದ ಮೊದಲ್ಗೊಂಡು ಹಲವು ರಾಜವಂಶಗಳ ಕೈಕೆಲಸ ಪದರುಪದರಾಗಿ ಕಾಣುತ್ತದೆ. ಹಳಗನ್ನಡದ ಅಕ್ಷರಗಳು, ಭಾಷೆಗಳ ಸಂಗಮ, ವೀರಗಲ್ಲುಗಳ ಒರಟು ಕಾಗುಣಿತ ಇವೆಲ್ಲವೂ ಒಂದೆಡೆ ಸೇರಿರುವ ಇಂತಹ ಕ್ಷೇತ್ರದಲ್ಲಿ ಒಂದು ತಂತ್ರಾಂಶ ನಿಂತರೆ ಬೇರೆಡೆಯೂ ನಿಂತೀತು. ಇಲ್ಲಿ ಸೋತರೆ ಅದರ ಸೋಲಿನ ಕಾರಣ ಸ್ಪಷ್ಟವಾಗಿ ಕಂಡೀತು.

೨

ಕನ್ನಡವನ್ನು ಗಣಕಕ್ಕೆ ಒಗ್ಗಿಸಿದ ಪ್ರಯತ್ನಗಳಲ್ಲಿ ಎರಡು ಬಗೆಯ ಚಿಂತನೆ ಮೊದಲಿಂದಲೂ ಇದ್ದಿತು. ಅಕ್ಷರವನ್ನು ಧ್ವನಿಯ ಘಟಕವೆಂದು ಎಣಿಸಿ, ವ್ಯಂಜನ, ಸ್ವರ, ವಿರಾಮಗಳಿಗೆ ಒಂದೊಂದು ಸಂಖ್ಯಾಸಂಕೇತವನ್ನು ಕೊಡುವುದು ಒಂದು. ಅಕ್ಷರವನ್ನು ಕಾಗದದ ಮೇಲೆ ಕಾಣುವ ಆಕೃತಿಯೆಂದು ಎಣಿಸಿ, ಆ ಆಕೃತಿಯ ತುಂಡುಗಳಿಗೆ ಸಂಕೇತ ಕೊಡುವುದು ಇನ್ನೊಂದು. ಮೊದಲನೆಯ ಬಗೆಗೆ ೧೯೯೧ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತವೂ, ಅದೇ ವರ್ಷ ಮೊದಲ ಆವೃತ್ತಿಯನ್ನು ಕಂಡ ಯೂನಿಕೋಡ್ ಸಂಕೇತವೂ ನಿದರ್ಶನಗಳು. ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಖಂಡವನ್ನು ಮೀಸಲಿಟ್ಟಿತು. ಆದರೆ ಅದನ್ನು ಬಳಸಲು ತಕ್ಕ ಏರ್ಪಾಡು ಸಾಮಾನ್ಯರ ಗಣಕಗಳಲ್ಲಿ ಬಹುಕಾಲ ಇರಲಿಲ್ಲ. ೨೦೦೧ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಫಾಂಟು ಬಂದ ಮೇಲೆ ಅಂತಹ ಗಣಕಗಳಲ್ಲಿ ಕನ್ನಡ ಯೂನಿಕೋಡಿಗೆ ದಾರಿಯಾಯಿತು. ನಡುವಣ ಹತ್ತು ವರ್ಷಗಳ ಅವಧಿಯನ್ನೂ, ಅದರ ಮುಂದಣ ಹಲವು ವರ್ಷಗಳನ್ನೂ ಎರಡನೆಯ ಬಗೆಯ ತಂತ್ರಾಂಶಗಳು ತುಂಬಿದುವು. ಪುಣೆಯ ‘ಶ್ರೀಲಿಪಿ’, ಬೆಂಗಳೂರಿನ ‘ಆಕೃತಿ’, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ತರುವಾಯ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರದ ಬೆಂಬಲದೊಡನೆ ಸಿದ್ಧಪಡಿಸಿದ ‘ನುಡಿ’ ಇವುಗಳಲ್ಲಿ ಮುಖ್ಯವಾದುವು.

ಇವುಗಳ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಮೊಳೆ ಜೋಡಿಸುವ ಅಚ್ಚುಕೂಟವನ್ನು ಅರಸಿಕೊಂಡು ಬೆಂಗಳೂರಿಗೆ ಹೋಗಬೇಕಾಗಿದ್ದ ತಾಲ್ಲೂಕಿನ ಲೇಖಕನಿಗೆ ಬಸ್ ನಿಲ್ದಾಣದ ಬಳಿಯ ಡಿ.ಟಿ.ಪಿ. ಅಂಗಡಿಯಲ್ಲಿಯೇ ಪುಸ್ತಕ ಸಿದ್ಧವಾಗುವಂತಾಯಿತು. ‘ಬರಹ’ ಮತ್ತು ‘ನುಡಿ’ ಉಚಿತವಾಗಿ ದೊರೆತುದರಿಂದ ಶಾಲೆಯ ಉಪಾಧ್ಯಾಯರೂ ಕಚೇರಿಯ ಗುಮಾಸ್ತರೂ ಕನ್ನಡದಲ್ಲಿ ಬರೆಯಲು ತೊಡಗಿದರು. ಸ್ಥಳೀಯ ಇತಿಹಾಸದ ದೃಷ್ಟಿಯಿಂದ ಇದರ ಫಲ ಅಲ್ಪವಲ್ಲ. ತಾಲ್ಲೂಕು ಸಾಹಿತ್ಯ ಸಮ್ಮೇಳನಗಳ ಸ್ಮರಣಸಂಚಿಕೆಗಳು, ಶಾಲೆಗಳ ಶತಮಾನೋತ್ಸವದ ಹೊತ್ತಗೆಗಳು, ದೇವಾಲಯಗಳ ಸ್ಥಳಪುರಾಣಗಳು, ಸ್ವಾತಂತ್ರ್ಯ ಹೋರಾಟದ ನೆನಪುಗಳು ಮೊದಲಾದ ಬರಹಗಳು ಈ ಅವಧಿಯಲ್ಲಿ ವಿಪುಲವಾಗಿ ಹೊರಬಂದುವು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು ನಡೆದ ಗೋಲೀಬಾರಿನಲ್ಲಿ ಮಡಿದವರ ಸಂಖ್ಯೆಯನ್ನು ಕುರಿತು ಸರ್ಕಾರದ ಲೆಕ್ಕಕ್ಕೂ ಜನರ ನೆನಪಿಗೂ ಅಂತರವುಂಟೆಂಬುದು ವಾಚಕರಿಗೆ ತಿಳಿದ ವಿಷಯ. ಅಂತಹ ಪ್ರಶ್ನೆಗಳಲ್ಲಿ ವಯೋವೃದ್ಧರ ಬಾಯಿಂದ ಕೇಳಿ ಬರೆದಿಟ್ಟ ಚಿಕ್ಕ ಪುಸ್ತಿಕೆಯೂ ಆಕರವೇ. ಆದುದರಿಂದ ಆ ಕಡತಗಳು ಯಾವ ಸ್ಥಿತಿಯಲ್ಲಿವೆ ಎಂಬ ಪ್ರಶ್ನೆ ಕೇವಲ ಯಂತ್ರಜ್ಞರದ್ದಲ್ಲ. ಅದು ಇತಿಹಾಸಕಾರನ ಪ್ರಶ್ನೆಯೂ ಹೌದು.

೩

ಆಕೃತಿಯನ್ನು ಆಧಾರವಾಗಿ ಮಾಡಿಕೊಂಡ ಫಾಂಟುಗಳಲ್ಲಿ ಕನ್ನಡ ಹೇಗೆ ಉಳಿಯುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ‘ಕನ್ನಡ’ ಎಂಬ ಶಬ್ದವನ್ನು ‘ನುಡಿ’ಯ ಹಳೆಯ ಫಾಂಟಿನಲ್ಲಿ ಬರೆದು ಕಡತವನ್ನು ಉಳಿಸಿದರೆ, ಗಣಕದ ಒಳಗೆ ಉಳಿಯುವುದು ರೋಮನ್ ಲಿಪಿಗಾಗಿ ಮೀಸಲಾದ ಏಳು ಸಂಕೇತಗಳು. ‘ಕ’ಕಾರದ ಒಡಲಿಗೆ ಇಂಗ್ಲಿಷಿನ ‘ಪಿ’ ಅಕ್ಷರ, ಅದರ ತಲೆಕಟ್ಟಿಗೆ ಮೇಲೆ ಓರೆಗೀಟುಳ್ಳ ‘ಎ’, ‘ನ’ಕಾರದ ಒಡಲಿಗೆ ಬ್ರಿಟಿಷ್ ಪೌಂಡ್ ನಾಣ್ಯದ ಚಿಹ್ನೆ, ಅದರ ಒತ್ತಿಗೆ ಜರ್ಮನ್ ಭಾಷೆಯ ಒಂದು ಸಕಾರ, ‘ಡ’ಕಾರಕ್ಕೆ ‘ಕ್ಯೂ’. ಪರದೆಯ ಮೇಲೆ ಫಾಂಟು ಈ ಚಿಹ್ನೆಗಳಿಗೆ ಕನ್ನಡದ ವೇಷ ತೊಡಿಸುವವರೆಗೆ ಮಾತ್ರ ಅದು ಕನ್ನಡ. ಆ ಫಾಂಟಿಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಪೌಂಡು, ಗೀಟು, ಚುಕ್ಕೆಗಳ ಸಂತೆ ಕಾಣುತ್ತದೆ.

ಇನ್ನೂ ಸೂಕ್ಷ್ಮವಾಗಿ ನೋಡಿದರೆ ಲಿಪಿಶಾಸ್ತ್ರದ ಅಭ್ಯಾಸಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದಿದೆ. ಇದೇ ಫಾಂಟಿನಲ್ಲಿ ‘ಮ’ ಎಂಬುದಕ್ಕೆ ಸ್ವತಂತ್ರ ಸಂಕೇತವಿಲ್ಲ. ‘ವ’ಕಾರದ ಆಕೃತಿಗೆ ಕೊಂಬನ್ನು ಸೇರಿಸಿ ಅದನ್ನು ಕಟ್ಟಲಾಗಿದೆ. ‘ಯ’ಕಾರವು ಅನುಸ್ವಾರದ ಸೊನ್ನೆಯಿಂದ ಆರಂಭವಾಗುತ್ತದೆ. ‘ಧರ್ಮ’ ಎಂಬಲ್ಲಿ ಉಚ್ಚಾರಣೆಯಲ್ಲಿ ಮೊದಲು ಬರುವ ರೇಫೆ, ಕಡತದಲ್ಲಿ ಅರ್ಕಾವೊತ್ತಾಗಿ ‘ಮ’ಕಾರದ ಬಳಿಕ ನಿಲ್ಲುತ್ತದೆ. ಅಚ್ಚಿನ ಮೊಳೆ ಜೋಡಿಸುವವನ ಕಣ್ಣಿಗೆ ಇದು ಸಹಜವಾಗಿಯೇ ಕಂಡೀತು. ಕೆಲವೇ ಸ್ಥಾನಗಳಲ್ಲಿ ನೂರಾರು ಗುಣಿತಾಕ್ಷರಗಳನ್ನು ಹೊಂದಿಸಿದ ಜಾಣ್ಮೆಯನ್ನೂ ಮೆಚ್ಚಬೇಕು. ಆದರೆ ಶಬ್ದವನ್ನು ಹುಡುಕುವವನಿಗೆ, ಅಕಾರಾದಿ ಸೂಚಿ ಮಾಡುವವನಿಗೆ, ಪಾಠಾಂತರಗಳನ್ನು ಹೋಲಿಸುವವನಿಗೆ ಇದರಿಂದ ಪ್ರಯೋಜನವಿಲ್ಲ. ‘ವ’ಕಾರವನ್ನು ಹುಡುಕಿದರೆ ‘ಮ’ಕಾರವೂ ಕೈಗೆ ಬರುತ್ತದೆ.

ಇದೇ ಕಾಲದ ಇನ್ನೊಂದು ಸೃಷ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಅಕ್ಷರದ ಆಕೃತಿಯನ್ನು ಬಿಟ್ಟು ಧ್ವನಿಯನ್ನು ಹಿಡಿಯಿತು. ಇಂಗ್ಲಿಷಿನ ೨೬ ಕೀಲಿಗಳಲ್ಲಿಯೇ ಕನ್ನಡ ವರ್ಣಮಾಲೆ ಅಡಕವಾಯಿತು. ವ್ಯಂಜನದ ಮೇಲೆ ಸ್ವರವನ್ನು ಒತ್ತಿದರೆ ಗುಣಿತ, ನಡುವೆ ವಿರಾಮದ ಕೀಲಿಯನ್ನು ಒತ್ತಿದರೆ ಒತ್ತಕ್ಷರ ತಾನಾಗಿ ರೂಪುಗೊಳ್ಳುವುದು. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವನ್ನೂ ರಾವ್ ಅವರು ಉಚಿತವಾಗಿ ನೀಡಿದರು. ಸರ್ಕಾರವು ಮಾನ್ಯಮಾಡಿದ ಕೀಲಿಮಣೆಗೆ ಅವರ ವಿನ್ಯಾಸವೇ ತಳಹದಿಯಾಯಿತು. ಆಕೃತಿಯ ಫಾಂಟುಗಳು ಬಳಕೆಯಿಂದ ಸರಿಯುತ್ತಿರುವ ಇಂದು ಕೂಡ, ಯೂನಿಕೋಡಿನಲ್ಲಿ ಬರೆಯುವವರ ಬೆರಳು ಅದೇ ವಿನ್ಯಾಸದ ಮೇಲೆ ಆಡುತ್ತಿದೆ. ಭಾಷೆಯ ರಚನೆಯನ್ನು ಅನುಸರಿಸಿದುದು ಯಂತ್ರ ಬದಲಾದರೂ ಉಳಿಯಿತು; ಪುಟದ ರೂಪವನ್ನು ಅನುಸರಿಸಿದುದು ಯಂತ್ರದೊಡನೆಯೇ ಹಳತಾಯಿತು. ತಂತ್ರಾಂಶಗಳ ಗುಣದೋಷ ನಿರ್ಣಯದಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ನಮಗೆ ಬೇರೊಂದು ತೋರುವುದಿಲ್ಲ.

೪

ಹಾಗಾದರೆ ಯೂನಿಕೋಡಿಗೆ ಬಂದ ಕೂಡಲೆ ಶಾಸನಾಭ್ಯಾಸಿಯ ಕಷ್ಟ ಪರಿಹಾರವಾಯಿತೆ? ಇಲ್ಲವೆಂದೇ ಹೇಳಬೇಕಾಗಿದೆ. ಹಳಗನ್ನಡದ ಎರಡು ಅಕ್ಷರಗಳಾದ ಱ ಮತ್ತು ೞಗಳನ್ನು ತೆಗೆದುಕೊಳ್ಳೋಣ. ಇವು ಅಲಂಕಾರದ ಅಕ್ಷರಗಳಲ್ಲ. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ‘ಅಳಿ’ ಎಂದರೆ ದುಂಬಿ, ‘ಅೞಿ’ ಎಂದರೆ ನಾಶವಾಗು. ವೀರಗಲ್ಲುಗಳ ಜೀವಾಳವಾದ ‘ತುಱುಗೋಳ್’, ‘ಊರೞಿವು’, ‘ಇಱಿದು’ ಮುಂತಾದ ಶಬ್ದಗಳು ಈ ಅಕ್ಷರಗಳಿಲ್ಲದೆ ತಮ್ಮ ರೂಪವನ್ನೇ ಕಳೆದುಕೊಳ್ಳುತ್ತವೆ. ಕಾಲನಿರ್ಣಯದಲ್ಲಿಯೂ ಇವುಗಳ ಇರುವಿಕೆ ಇಲ್ಲವೆ ಗೊಂದಲ ಒಂದು ಸಾಕ್ಷ್ಯ.

ಯೂನಿಕೋಡ್ ಇವೆರಡಕ್ಕೂ ಎಡೆ ಕೊಟ್ಟಿದೆ. ಆದರೆ ೞಕಾರದ ವಿಷಯದಲ್ಲಿ ವಿಚಿತ್ರವೊಂದು ನಡೆಯಿತು. ಪ್ರತಿಯೊಂದು ಸಂಕೇತಕ್ಕೂ ಇಂಗ್ಲಿಷಿನಲ್ಲಿ ಒಂದು ಅಧಿಕೃತ ನಾಮಧೇಯವಿರುವುದು ಕ್ರಮ. ೞಕಾರಕ್ಕೆ ದೊರೆತ ನಾಮಧೇಯ ‘ಫ’ ಎಂಬುದು. ಒಮ್ಮೆ ಕೊಟ್ಟ ನಾಮಧೇಯವನ್ನು ಎಂದಿಗೂ ಬದಲಿಸಕೂಡದೆಂಬುದು ಆ ಮಾನಕದ ಕಟ್ಟಳೆಯಾದುದರಿಂದ, ಅದು ತಪ್ಪೆಂದು ಟಿಪ್ಪಣಿಯಲ್ಲಿ ಒಪ್ಪಿಕೊಂಡೂ ಹೆಸರನ್ನು ಹಾಗೆಯೇ ಉಳಿಸಲಾಗಿದೆ. ತಮಿಳು, ಮಲೆಯಾಳಗಳ ಖಂಡಗಳಲ್ಲಿ ಇದೇ ಅಕ್ಷರ ಳಕಾರದ ಮುಂದಣ ಸ್ಥಾನದಲ್ಲಿದೆ. ತೆಲುಗಿನಲ್ಲಿಯೂ ೨೦೧೪ರಲ್ಲಿ ಆ ಸ್ಥಾನವನ್ನೇ ತುಂಬಲಾಯಿತು. ಕನ್ನಡದಲ್ಲಿ ಮಾತ್ರ ಆ ಸ್ಥಾನ ಬರಿದಾಗಿಯೇ ಉಳಿದು, ೞಕಾರ ಸ್ವರಚಿಹ್ನೆಗಳ ಆಚೆ ಒಂಟಿಯಾಗಿ ನಿಂತಿದೆ. ಸಂಕೇತಸಂಖ್ಯೆಯ ಕ್ರಮವನ್ನೇ ಅಕಾರಾದಿಯೆಂದು ನಂಬುವ ಸಾಮಾನ್ಯ ಸಾಧನದಲ್ಲಿ ಸ್ಥಳನಾಮಗಳ ಸೂಚಿಯನ್ನು ಮಾಡಿದರೆ ೞಕಾರ ಎಲ್ಲಿಗೋ ಹೋಗುವುದು. ಳಕಾರವೂ ಹಕಾರದ ಬಳಿಕ ಬರುವ ಬದಲು ಲಕಾರ ವಕಾರಗಳ ನಡುವೆ ನುಸುಳುವುದು. ಭಾಷೆಯ ವರ್ಣಕ್ರಮವನ್ನು ಬಲ್ಲ ಸಾಧನಗಳು ಇದನ್ನು ಸರಿಪಡಿಸಬಲ್ಲುವು. ಯಾವುದು ಬಲ್ಲದು, ಯಾವುದು ಅರಿಯದು ಎಂಬುದನ್ನು ಬಳಸುವವನೇ ಪರೀಕ್ಷಿಸಿ ತಿಳಿಯಬೇಕು.

ದೋಷವನ್ನು ಹೇಳಿದ ಬಾಯಿಂದ ಗುಣವನ್ನೂ ಹೇಳಬೇಕು. ಹಳೆಯ ಕನ್ನಡ ಮತ್ತು ತೆಲುಗು ಬರಹಗಳಲ್ಲಿ ಸ್ವರವಿಲ್ಲದ ನಕಾರಕ್ಕೆ ಬಳಸುತ್ತಿದ್ದ ‘ನಕಾರಪೊಲ್ಲು’ ಎಂಬ ವಿಶಿಷ್ಟ ರೂಪಕ್ಕೆ ೨೦೨೧ರಲ್ಲಿ ಎರಡೂ ಲಿಪಿಗಳ ಖಂಡಗಳಲ್ಲಿ ಎಡೆ ದೊರೆಯಿತು. ಹಳೆಯ ಬರಹವನ್ನು ಓದಬಲ್ಲವರು ಸಾಕ್ಷ್ಯಸಹಿತವಾಗಿ ಕೇಳಿದರೆ ಮಾನಕವು ಕಿವಿಗೊಡುತ್ತದೆಂಬುದಕ್ಕೆ ಇದು ನಿದರ್ಶನ. ಆದರೆ ಮಾನಕದಲ್ಲಿ ಎಡೆ ದೊರೆತ ಮಾತ್ರಕ್ಕೆ ಎಲ್ಲ ಫಾಂಟುಗಳಲ್ಲಿಯೂ ಆ ಆಕೃತಿ ಇರುತ್ತದೆಂದು ತಿಳಿಯಲಾಗದು. ಫಾಂಟಿನಲ್ಲಿಲ್ಲದ ಅಕ್ಷರಕ್ಕೆ ಪರದೆಯ ಮೇಲೆ ಬರಿಯ ಚೌಕವೊಂದು ಮೂಡುತ್ತದೆ.

೫

ಎರಡನೆಯ ತೊಡಕು ಕಾಗುಣಿತದ್ದು. ಈ ಸೀಮೆಯ ಪ್ರಾಚೀನ ಇತಿಹಾಸವನ್ನು ಬರೆಯುವವನು ‘ಗಂಗ’, ‘ನೊಳಂಬ’ ಎಂಬ ಹೆಸರುಗಳನ್ನು ಹುಡುಕದೆ ಒಂದು ಹೆಜ್ಜೆಯನ್ನೂ ಇಡಲಾರ. ಆದರೆ ಶಾಸನಗಳಲ್ಲಿ ‘ಗಂಗ’ ಎಂದಿರುವಂತೆ ‘ಗಙ್ಗ’ ಎಂದೂ, ‘ನೊಳಂಬ’ ಎಂದಿರುವಂತೆ ‘ನೊಳಮ್ಬ’ ಎಂದೂ ಇರುವುದುಂಟು. ಓದುಗನಿಗೆ ಇವು ಒಂದೇ. ಹುಡುಕುವ ತಂತ್ರಾಂಶಕ್ಕೆ ಬೇರೆಬೇರೆ. ಒಂದನ್ನು ಬರೆದು ಹುಡುಕಿದವನು ಇನ್ನೊಂದನ್ನು ಕಾಣದೆ, ‘ಈ ಹೆಸರು ಇಲ್ಲಿ ದೊರೆಯುವುದಿಲ್ಲ’ ಎಂದು ತೀರ್ಮಾನಿಸಿದರೆ ಆ ತೀರ್ಮಾನ ಶಾಸನದ ಮೌನವನ್ನು ಆಧರಿಸಿದುದಲ್ಲ, ಸಾಧನದ ಕುರುಡನ್ನು ಆಧರಿಸಿದುದು. ಇಲ್ಲವೆಂಬುದನ್ನು ಸಾಕ್ಷ್ಯವಾಗಿ ಬಳಸುವಾಗ ಇತಿಹಾಸಕಾರನು ಎಷ್ಟು ಎಚ್ಚರದಿಂದಿರಬೇಕೋ ಅದರ ಇಮ್ಮಡಿ ಎಚ್ಚರ ಇಲ್ಲಿ ಬೇಕು. ಇದಕ್ಕೆ ಜೊತೆಯಾಗಿ, ಯೂನಿಕೋಡಿನಲ್ಲಿ ಅಕ್ಷರಗಳನ್ನು ಕೂಡಿಸುವ ಅಥವಾ ಬಿಡಿಸುವ, ಕಣ್ಣಿಗೆ ಕಾಣದ ಸಂಕೇತಗಳೂ ಉಂಟು. ನೋಟಕ್ಕೆ ಒಂದೇ ಆಗಿರುವ ಎರಡು ಶಬ್ದಗಳು ಇವುಗಳ ದೆಸೆಯಿಂದ ಯಂತ್ರಕ್ಕೆ ಎರಡಾಗಿ ತೋರಬಹುದು.

ಮೂರನೆಯದು ಈ ಸೀಮೆಗೇ ವಿಶಿಷ್ಟವಾದುದು. ಇಲ್ಲಿಯ ಮನೆಮಾತಿನಲ್ಲಿ ಕನ್ನಡ ತೆಲುಗುಗಳೆರಡೂ ಬೆರೆತಿವೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ಎರಡು ಭಾಷೆಗಳಲ್ಲಿಯೂ ಕೀರ್ತನೆಗಳನ್ನು ರಚಿಸಿದರು. ಅವರ ತೆಲುಗು ರಚನೆಗಳನ್ನು ಕನ್ನಡ ಲಿಪಿಯಲ್ಲಿ ಓದಿ ಹಾಡುವುದು ಇಲ್ಲಿಯ ರೂಢಿ. ಯೂನಿಕೋಡಿನಲ್ಲಿ ತೆಲುಗು ಮತ್ತು ಕನ್ನಡದ ಖಂಡಗಳು ಅಕ್ಕಪಕ್ಕದಲ್ಲಿದ್ದು, ಸಮಾನ ಅಕ್ಷರಗಳ ನಡುವಣ ಅಂತರ ಬಹುಮಟ್ಟಿಗೆ ೧೨೮ ಸ್ಥಾನಗಳಷ್ಟೆ ಆಗಿರುವುದರಿಂದ, ಲಿಪಿಯಿಂದ ಲಿಪಿಗೆ ಪಾಠವನ್ನು ಒಯ್ಯುವುದು ಸುಲಭ. ಒಂದೇ ಲಿಪಿಮೂಲದಿಂದ ಕವಲೊಡೆದ ಎರಡು ಬರಹಗಳ ನೆಂಟಸ್ತಿಕೆಯನ್ನು ಸಂಖ್ಯೆಗಳೂ ಉಳಿಸಿಕೊಂಡಿವೆಯೆಂಬುದು ಸಂತೋಷದ ಸಂಗತಿ. ಆದರೆ ಕಾಗುಣಿತವನ್ನು ತಿದ್ದುವ ತಂತ್ರಾಂಶ, ಲಿಪಿ ಕನ್ನಡವಾದರೆ ಭಾಷೆಯೂ ಕನ್ನಡವೆಂದು ಊಹಿಸುತ್ತದೆ. ಕನ್ನಡ ಲಿಪಿಯ ತೆಲುಗು ಪಾಠ ಅದರ ಕಣ್ಣಿಗೆ ತಪ್ಪುಗಳ ರಾಶಿ. ಅದು ಸೂಚಿಸುವ ತಿದ್ದುಪಾಟನ್ನು ಅಜ್ಞಾನದಿಂದ ಒಪ್ಪಿಕೊಂಡರೆ ಪಾಠವೇ ಕೆಡುವುದು. ಲಿಪಿ ಬೇರೆ, ಭಾಷೆ ಬೇರೆ ಎಂಬ ವಿವೇಕ ಶಾಸನಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ನಮ್ಮ ತಂತ್ರಾಂಶಗಳು ಅದನ್ನಿನ್ನೂ ಕಲಿಯಬೇಕಾಗಿದೆ.

೬

ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳು ಈಗ ಹಲವು ಇವೆ. ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳೂ ಬಂದಿವೆ. ೨೦೦೫ರಲ್ಲಿ ಮುಕ್ತಗೊಂಡ ‘ಟೆಸೆರಾಕ್ಟ್’ ಎಂಬುದು ಕನ್ನಡವನ್ನೂ ಓದುತ್ತದೆ; ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಕನ್ನಡಕ್ಕಾಗಿ ಇಂತಹ ಸಾಧನವನ್ನು ರೂಪಿಸಲಾಗಿದೆ. ಇವುಗಳಿಂದ ಸಮಯ ಉಳಿಯುವುದು ನಿಜ. ಆದರೆ ಇವು ತಪ್ಪುವ ಬಗೆಯನ್ನು ಗಮನಿಸಬೇಕು. ಗುರುತಿಸುವ ಸಾಧನ ತಾನು ಕಲಿತ ಬರಹದ ಕಡೆಗೆ ವಾಲುತ್ತದೆ. ಅದು ಕಲಿತಿರುವುದು ಹೆಚ್ಚಾಗಿ ಹೊಸಗನ್ನಡ. ೧೯೦೫ರ ಸಂಪುಟದ ಪುಟದಲ್ಲಿಯ ಱಕಾರ ರಕಾರವಾಗಿ, ೞಕಾರ ಳಕಾರವಾಗಿ ಬಂದರೆ ಫಲಿತಾಂಶ ಓದಲು ಸುಗಮವಾಗಿಯೇ ಇರುತ್ತದೆ. ಒರಟಾದ ತಪ್ಪು ಕಣ್ಣಿಗೆ ಚುಚ್ಚುತ್ತದೆ. ಇಂತಹ ನಯವಾದ ತಪ್ಪು ಅಡಗಿಕೊಳ್ಳುತ್ತದೆ.

ಆದುದರಿಂದ ಸಾಧನದ ಒಳಗುಟ್ಟು ಪರಿಶೀಲನೆಗೆ ತೆರೆದಿರಬೇಕೆಂದು ನಾವು ಒತ್ತಿ ಹೇಳುತ್ತೇವೆ. ಶಾಸನದ ಓದನ್ನು ಪ್ರಕಟಿಸುವವರು ಅದರೊಡನೆ ಅಚ್ಚುಪಡಿಯನ್ನೂ ಕೊಡಬೇಕೆಂದು ನಾವು ಬಯಸುವುದೇಕೆ? ಓದಿದವರ ಪಾಂಡಿತ್ಯದಲ್ಲಿ ಅಪನಂಬಿಕೆಯಿಂದಲ್ಲ. ಇನ್ನೊಬ್ಬನು ಅದನ್ನು ಕಲ್ಲಿನೊಡನೆ ಒಪ್ಪಿಸಿ ನೋಡಲೆಂದು. ಮಾರ್ಪಾಟಿನ ತಂತ್ರಾಂಶಕ್ಕೂ ಇದೇ ನ್ಯಾಯ ಅನ್ವಯಿಸಬೇಕು. ಯಾವ ಚಿಹ್ನೆಯನ್ನು ಯಾವ ಅಕ್ಷರವೆಂದು ಎಣಿಸಿತೆಂಬ ಪಟ್ಟಿಯನ್ನು ಬಚ್ಚಿಟ್ಟ ಸಾಧನ, ಅಚ್ಚುಪಡಿಯಿಲ್ಲದ ಓದಿನಂತೆ, ನಂಬಿಕೆಯನ್ನು ಬೇಡುತ್ತದೆಯೇ ಹೊರತು ಪ್ರಮಾಣವನ್ನು ಒದಗಿಸುವುದಿಲ್ಲ. ಈ ದೃಷ್ಟಿಯಿಂದ ಮುಕ್ತ ತಂತ್ರಾಂಶದ ಹಾದಿ ಹಿಡಿದ ಕನ್ನಡದ ಕಾರ್ಯಕರ್ತರ ಕೆಲಸ ಶ್ಲಾಘ್ಯವಾದುದು. ‘ಸಂಚಯ’ದ ತಂಡ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವಚನಗಳನ್ನು ಶಬ್ದಶಬ್ದವಾಗಿ ಹುಡುಕಲು ಬರುವಂತೆ ಅಣಿಗೊಳಿಸಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ದುಡಿದು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ ೨೦೧೯ರಿಂದ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ೨೦೨೧ರಿಂದ ನಡೆಸಿರುವ ಕಾರ್ಯದಲ್ಲಿ ಬೆಂಗಳೂರು ಪ್ರಾಂತದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಕಲ್ಲಿನ ಮೇಲ್ಮೈಯನ್ನೇ ಓದುಗನ ಮುಂದಿಡಲಾಗುತ್ತಿದೆ. ಪಾಠವನ್ನೂ ಕಲ್ಲನ್ನೂ ಜೊತೆಯಾಗಿ ಕೊಡುವ ಈ ವಿಧಾನ ನಮ್ಮ ನಾಲ್ಕು ತಾಲ್ಲೂಕುಗಳಿಗೂ ಮೇಲ್ಪಂಕ್ತಿಯಾಗತಕ್ಕುದು.

೭

ಮೇಲಣ ಪರಿಶೀಲನೆಯಿಂದ ಕೆಲವು ಸೂಚನೆಗಳು ಹೊರಡುತ್ತವೆ. ಮೊದಲನೆಯದಾಗಿ, ಶಾಸನಪಾಠವನ್ನು ಬರೆಯುವವರು ಯೂನಿಕೋಡಿನಲ್ಲಿಯೇ ಬರೆಯಬೇಕು. ಕಲ್ಲಿನ ಮೇಲಿರುವ ಱ, ೞ, ಅನುನಾಸಿಕಗಳನ್ನು ಹಾಗೆಯೇ ಉಳಿಸಿಕೊಂಡು, ಹುಡುಕುವುದಕ್ಕಾಗಿ ಇಂದಿನ ಕಾಗುಣಿತದ ಪಾಠವೊಂದನ್ನು ಬೇರೆಯಾಗಿ ಜೋಡಿಸಬೇಕು. ಎರಡನ್ನೂ ಒಂದರಲ್ಲಿ ಬೆರೆಸಕೂಡದು. ಎರಡನೆಯದಾಗಿ, ಹಳೆಯ ಫಾಂಟಿನ ಕಡತವನ್ನು ಮಾರ್ಪಡಿಸಿದ ಮೇಲೆ ಮೂಲವನ್ನು ಎಸೆಯಬಾರದು. ಯಾವ ಫಾಂಟಿನಿಂದ, ಯಾವ ಸಾಧನದ ಯಾವ ಆವೃತ್ತಿಯಿಂದ ಮಾರ್ಪಟ್ಟಿತೆಂಬುದನ್ನು ಕಡತದಲ್ಲಿಯೇ ನಮೂದಿಸಬೇಕು. ಮೂರನೆಯದಾಗಿ, ‘ಹುಡುಕಿದೆವು, ದೊರೆಯಲಿಲ್ಲ’ ಎಂದು ಬರೆಯುವ ಲೇಖಕರು ಏನನ್ನು, ಯಾವಯಾವ ಕಾಗುಣಿತದಲ್ಲಿ ಹುಡುಕಿದರೆಂಬುದನ್ನೂ ತಿಳಿಸಬೇಕು. ನಾಲ್ಕನೆಯದಾಗಿ, ತಂತ್ರಾಂಶಗಳನ್ನು ರೂಪಿಸುವವರಿಗೆ ಶಾಸನಾಭ್ಯಾಸಿಗಳು ತಮ್ಮ ಅಗತ್ಯಗಳನ್ನು ಉದಾಹರಣೆಸಹಿತ ಒಪ್ಪಿಸಬೇಕು. ನಕಾರಪೊಲ್ಲಿನ ವಿಷಯದಲ್ಲಿ ಆದುದು ಬೇರೆ ವಿಷಯಗಳಲ್ಲಿಯೂ ಆಗಬಾರದೇಕೆ?

ಐದನೆಯದು ತ್ವರೆಯ ಕೆಲಸ. ಪೇಜ್‌ಮೇಕರ್ ಎಂಬ ತಂತ್ರಾಂಶದಲ್ಲಿ ಪುಟ ಕಟ್ಟಿದ ಸಾವಿರಾರು ಕಡತಗಳು ತಾಲ್ಲೂಕು ಪಟ್ಟಣಗಳ ಡಿ.ಟಿ.ಪಿ. ಅಂಗಡಿಗಳ ಹಳೆಯ ಗಣಕಗಳಲ್ಲಿಯೂ ಫ್ಲಾಪಿ, ಸಿ.ಡಿ.ಗಳಲ್ಲಿಯೂ ಬಿದ್ದಿವೆ. ಆ ತಂತ್ರಾಂಶದ ಬೆಳವಣಿಗೆ ೨೦೦೧ರ ಏಳನೆಯ ಆವೃತ್ತಿಯ ಬಳಿಕ ನಿಂತಿತು. ಅದು ಯೂನಿಕೋಡನ್ನು ಅರಿಯದು. ಅಂಗಡಿ ಮುಚ್ಚಿದಾಗ ಗಣಕ ಗುಜರಿಗೆ ಹೋಗುತ್ತದೆ; ಲೇಖಕರ ಕೈಬರಹದ ಪ್ರತಿ ಬಹುಮಟ್ಟಿಗೆ ಮೊದಲೇ ಹೋಗಿರುತ್ತದೆ; ಅಚ್ಚಾದ ಪ್ರತಿಗಳು ಸಮಾರಂಭದ ದಿನವೇ ಹಂಚಿಹೋಗಿ ಗ್ರಂಥಾಲಯವನ್ನು ಸೇರಿರುವುದಿಲ್ಲ. ಪ್ರತಿಯೊಂದು ತಾಲ್ಲೂಕಿನ ಪದವಿ ಕಾಲೇಜೂ ತನ್ನ ಸುತ್ತಣ ಅಂಗಡಿಗಳಿಂದ ಇಂತಹ ಕಡತಗಳನ್ನು, ಅವುಗಳಿಗೆ ಬೇಕಾದ ಫಾಂಟುಗಳೊಡನೆ, ಮಾಲೀಕರ ಮತ್ತು ಲೇಖಕರ ಒಪ್ಪಿಗೆ ಪಡೆದು ಸಂಗ್ರಹಿಸುವುದು ಅಸಾಧ್ಯವೇನಲ್ಲ. ಇತಿಹಾಸದ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯವೆಂದು ಶಾಸನಗಳ ಪಡಿಯಚ್ಚು ತೆಗೆಯಲು ಕಲಿಸುವಂತೆಯೇ ಇದನ್ನೂ ಕಲಿಸಬಹುದು.

ನಂದಿಯ ಒಂಬತ್ತನೆಯ ಶತಮಾನದ ಬರಹವನ್ನು ಲಿಪಿ ಬಲ್ಲ ಯಾರಾದರೂ ಇಂದಿಗೂ ಓದಬಲ್ಲರು. ಇಪ್ಪತ್ತು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರದ ಅಂಗಡಿಯೊಂದರಲ್ಲಿ ಸಿದ್ಧವಾದ ಸ್ಮರಣಸಂಚಿಕೆಯ ಕಡತವನ್ನು ಓದಲು ಫಾಂಟನ್ನು ಅರಸಬೇಕಾಗಿದೆ. ಈ ವ್ಯತ್ಯಾಸಕ್ಕೆ ಕಲ್ಲಿನ ಗಟ್ಟಿತನ ಅರ್ಧ ಕಾರಣವಾದರೆ, ಬರೆದುದು ಅಕ್ಷರವಾಗಿಯೇ ಉಳಿದುದು ಉಳಿದರ್ಧ. ತಂತ್ರಾಂಶಗಳ ಸುದ್ದಿಯನ್ನು ಓದುವಾಗ, ಹೊಸತೊಂದನ್ನು ಆರಿಸಿಕೊಳ್ಳುವಾಗ, ಬರೆದುದನ್ನು ಇದು ಅಕ್ಷರವಾಗಿ ಉಳಿಸುತ್ತದೆಯೆ ಎಂಬ ಪ್ರಶ್ನೆಯನ್ನು ವಾಚಕರು ಮೊದಲು ಕೇಳಬೇಕೆಂದು ನಮ್ಮ ಕೋರಿಕೆ.